ಮೇಲೆ ಯಾವುದು, ಕೆಳಗೆ ಯಾವುದು?

ಮನೆಗೊಂದು ಕಾರ್ ಲಿಫ್ಟ್ ಹಾಕಿಸುತ್ತೇವೆ ಎಂದಾಗ ಊರಲ್ಲಿ ಮೊದಲು ಸಿಕ್ಕಿದ್ದು ನಗು. 'ಏನು, ಗ್ಯಾರೇಜ್ ಇಡ್ತೀರಾ?' ಎಂದರು. ನಕ್ಕು ಮುಗಿದ ಮೇಲೆ ಬಂದದ್ದು ಇನ್ನೊಂದು ಪ್ರಶ್ನೆ: 'ಅಷ್ಟು ತೋಟ ಇಟ್ಕೊಂಡು ಎರಡು ಗಾಡಿ ನಿಲ್ಸೋಕೆ ಜಾಗ ಇಲ್ವಾ ಮಾರಾಯ್ರೆ?'

ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಾರಿನ ಮೇಲೆ ಇನ್ನೊಂದು ಕಾರು ಪೇರಿಸಿಟ್ಟದ್ದನ್ನು ನೋಡಿದವರಿಗೆ ಅದರ ಕಾರಣ ಕೇಳಬೇಕಾಗಿಲ್ಲ, ಅಲ್ಲಿ ಚದರಡಿಗೆ ಬೆಲೆ. ಕೊಡಗಿನಲ್ಲಿ ಎಕರೆಗಟ್ಟಲೆ ಇದೆ. ಆದರೆ ಆ ಎಕರೆಗಳಲ್ಲಿ ಸಮತಟ್ಟಾಗಿರುವುದೆಷ್ಟು? ಗದ್ದೆ ಬಿಟ್ಟರೆ ನಮ್ಮಲ್ಲಿ ಚಪ್ಪಟೆ ಜಾಗ ಎಂದರೆ ಮನೆ ಮತ್ತು ಕಾಫಿ ಒಣಗಿಸುವ ಕಣ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣದ ಮೇಲೆ ಕಾಫಿ ಇರುತ್ತದೆ, ಆಮೇಲೆ ಕರಿಮೆಣಸು. ಅಲ್ಲಿ ಗಾಡಿ ನಿಲ್ಲಿಸಿದರೆ ಅವ್ವ ಸುಮ್ಮನಿರುವುದಿಲ್ಲ. ಇನ್ನೊಂದು ಗಾಡಿಗೆ ಶೆಡ್ ಬೇಕೆಂದರೆ ಜೆಸಿಬಿ ಕರೆಸಿ ಗುಡ್ಡ ಕಡಿಯಬೇಕು. ಕಡಿದಲ್ಲಿ ಒಂದು ಬರೆ ಹುಟ್ಟುತ್ತದೆ. ಮಳೆಗಾಲದಲ್ಲಿ ಇಲ್ಲಿನ ಪತ್ರಿಕೆ ತೆರೆದು ನೋಡಿ, 'ಬರೆ ಕುಸಿತ' ಎಂಬ ಎರಡು ಪದ ಇಲ್ಲದ ದಿನ ಕಡಿಮೆ.

2018ರ ಆಗಸ್ಟ್ ನಮಗೆಲ್ಲ ನೆನಪಿದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಗಳಲ್ಲಿ ಗುಡ್ಡಗಳು ಮನೆಗಳ ಸಮೇತ ಇಳಿದು ಬಂದವು. ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದೂ ಕಾರಣಗಳಲ್ಲೊಂದು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆಮೇಲೆ ಹೇಳಿತು. ಅದಾದ ಮೇಲೆ ನಮ್ಮ ಮನೆಯಲ್ಲಿ ಜೆಸಿಬಿ ಎಂಬ ಶಬ್ದ ಬಂದರೆ ಅಪ್ಪ ಮಾತು ಬದಲಿಸುತ್ತಾರೆ. ಅಡ್ಡಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೆ ಹೋಗೋಣ ಎನ್ನುವ ಲೆಕ್ಕ ಶುರುವಾದದ್ದು ಅಲ್ಲಿಂದ.

ನಾವು ಎಂದರೆ ನಾಪೋಕ್ಲು ಕಡೆಯ ಸಣ್ಣ ಬೆಳೆಗಾರರ ಮನೆ. ಅಪ್ಪ, ಅವ್ವ, ಮತ್ತು ಗ್ರಾಮೀಣ ಪತ್ರಿಕೋದ್ಯಮ ಓದಿ, ಒಂದಷ್ಟು ಕಾಲ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಈಗ ತೋಟಕ್ಕೆ ಮರಳಿರುವ ಅಣ್ಣ-ತಂಗಿ ನಾವಿಬ್ಬರು. ಗಾಡಿಗಳೂ ಎರಡು: ಒಂದು ಆಲ್ಟೊ, ಇನ್ನೊಂದು ಪೂಜೋ ಎಂಜಿನ್ನಿನ ಮಹೀಂದ್ರ ಎಂಎಂ 540 ಜೀಪು. ಜೀಪಿನ ವಯಸ್ಸು ನಮ್ಮಿಬ್ಬರಿಗಿಂತ ಹೆಚ್ಚು. ಕೊಡಗಿನವರಿಗೆ ಜೀಪು ಯಾಕೆ ಇಷ್ಟು ಹತ್ತಿರ ಎಂದು ಹೊರಗಿನವರು ಕೇಳುತ್ತಾರೆ. ಮನೆಗೊಬ್ಬರಂತೆ ಸೈನ್ಯಕ್ಕೆ ಹೋದ ಊರು. ಅಲ್ಲಿ ಓಡಿಸಿದ ಗಾಡಿಯೇ ನಿವೃತ್ತಿಯಾದ ಮೇಲೆ ತೋಟಕ್ಕೂ ಬೇಕಾಯಿತು. ಗೊಬ್ಬರದ ಮೂಟೆ, ಕಾಫಿ ಚೀಲ, ಶಾಲೆಯ ಮಕ್ಕಳು, ಮದುವೆಯ ಪಾತ್ರೆ, ಬಾಣಂತಿ, ಎಲ್ಲವೂ ಹಿಂದಿನ ಎರಡು ಎದುರುಬದುರು ಸೀಟಿನ ನಡುವೆಯೇ ಹೋಗಿವೆ.

ಲಿಫ್ಟಿನ ಮಾತು ಗಟ್ಟಿಯಾದದ್ದು ಮಾತ್ರ ಜಾಗದ ಕಾರಣಕ್ಕಲ್ಲ. ಎರಡು ವರ್ಷದ ಹಿಂದೆ, ಕಕ್ಕಡ ತಿಂಗಳ ನಡುವೆ, ಜೀಪಿನ ಗೇರ್‌ಬಾಕ್ಸ್ ಹತ್ತಿರ ಏನೋ ಸದ್ದು ಎಂದು ಮೆಕ್ಯಾನಿಕ್ ಅಣ್ಣನನ್ನು ಕರೆಸಿದ್ದೆವು. ಅವರಿಗೆ ಅರುವತ್ತು ಹತ್ತಿರ. ಇಪ್ಪತ್ತೈದು ವರ್ಷದಿಂದ ಆ ಜೀಪಿನ ಅಡಿಯಲ್ಲಿ ಗೋಣಿ ಹಾಸಿಕೊಂಡು ಮಲಗಿದವರು. ಮಾಡಿನ ಅಂಚಿನಲ್ಲಿ ಹಲಗೆಯಿಟ್ಟು, ಅದರ ಮೇಲೆ ಜಾಕ್ ನಿಲ್ಲಿಸಿ, ಮುಂಭಾಗ ಎತ್ತಿದರು. ಅಡಿಗೆ ಹೋಗುವ ಮೊದಲು ತಮ್ಮ ಯಾವತ್ತಿನ ಪದ್ಧತಿಯಂತೆ ಸ್ಟೆಪ್ನಿ ಚಕ್ರವನ್ನು ಚಾಸಿಯ ಕೆಳಗೆ ದೂಡಿದರು. ಹತ್ತು ನಿಮಿಷದಲ್ಲಿ ಮಳೆಯಲ್ಲಿ ನೆನೆದ ಮಣ್ಣು ಒಂದು ಮಗ್ಗುಲಿಗೆ ಇಳಿಯಿತು, ಹಲಗೆ ವಾಲಿತು, ಜಾಕ್ ಹಾರಿತು. ಜೀಪು ಸ್ಟೆಪ್ನಿಯ ಮೇಲೆ ಕೂತಿತು. ಅಣ್ಣ ಹೊರಗೆ ತೆವಳಿ ಬಂದು, ಬೀಡಿ ಹಚ್ಚಿ, 'ಸಾವ್ಕಾರ್ರೇ, ಒಂದು ಟೀ ಕೊಡಿ' ಎಂದರು. ಅಷ್ಟೇ ಅಂದದ್ದು. ಜಾಕ್ ಜಾರಿ ಸತ್ತವರ ಸುದ್ದಿಯನ್ನು ಒಂದು ಕಾಲಮ್ಮಿಗೆ ಕತ್ತರಿಸಿ ಕೂರಿಸಿದ ಕೈ ನಮ್ಮದು. ಆ ಸುದ್ದಿಗಳಲ್ಲಿ ಸ್ಟೆಪ್ನಿ ಇರುತ್ತಿರಲಿಲ್ಲ.

ಆವತ್ತು ರಾತ್ರಿಯೇ ಮನೆಯಲ್ಲಿ ನಾಲ್ಕು ಅಭಿಪ್ರಾಯ ಎದ್ದವು.

ಅಪ್ಪನದು ಗುಂಡಿ. ನೆಲದಲ್ಲಿ ಆಳೆತ್ತರ ಗುಂಡಿ ತೋಡಿ, ಗೋಡೆ ಕಟ್ಟಿ, ಮೇಲೆ ಗಾಡಿ ನಿಲ್ಲಿಸಿ, ಮೆಕ್ಯಾನಿಕ್ ಕೆಳಗೆ ನಿಂತು ಕೆಲಸ ಮಾಡುವುದು. ಖರ್ಚು ಕಡಿಮೆ, ಕರೆಂಟ್ ಬೇಡ. ಬಯಲು ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಜುಲೈ ಬಂತೆಂದರೆ ನೆಲದಲ್ಲಿ ಜಲ ಏಳುತ್ತದೆ. ಅಡುಗೆಮನೆಯ ಮೂಲೆಯಲ್ಲೇ ಒರತೆ ಬರುವ ಊರಿನಲ್ಲಿ ಆರಡಿ ಗುಂಡಿ ತೋಡಿದರೆ ಅದು ಬಾವಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ಅದು ಗುಂಡಿಯೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ, ಕೆಳಗಿದ್ದವರ ಕೈಯಲ್ಲಿ ಬಲ್ಬು ಒಡೆದರೂ ಸಾಕು. ಅಡುಗೆ ಗ್ಯಾಸಿಗೂ ಇದೇ ಗುಣ. ಅಣ್ಣನ ಬೀಡಿಯನ್ನು ನೆನೆದು ಗುಂಡಿಯನ್ನು ಮೊದಲು ಕೈಬಿಟ್ಟೆವು.

ಹಳೆಯ ತೋಟಗಳಲ್ಲಿ ಇನ್ನೊಂದು ಉಪಾಯ ಇದೆ, ನೀವೂ ನೋಡಿರಬಹುದು. ಇಳಿಜಾರಿನಿಂದ ಹೊರಕ್ಕೆ ಚಾಚಿದ ಎರಡು ಕಲ್ಲಿನ ಗೋಡೆ, ಗಾಡಿಯ ಚಕ್ರದಷ್ಟೇ ಅಂತರ. ಗುಡ್ಡದ ಕಡೆಯಿಂದ ಗಾಡಿಯನ್ನು ಅದರ ಮೇಲೆ ಓಡಿಸಿ ನಿಲ್ಲಿಸಿದರೆ ಕೆಳಗೆ ನಿಂತು ಆಯಿಲ್ ಬದಲಿಸಬಹುದು. ಮೋಟಾರಿಲ್ಲ, ಹಗ್ಗವಿಲ್ಲ, ಕೆಡುವುದೇನೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಬರಿ ಸರ್ವಿಸ್ ಅಷ್ಟೇ ಬೇಕೆನ್ನುವ ಮುಕ್ಕಾಲು ಪಾಲು ಜನರಿಗೆ ಈ ರ‍್ಯಾಂಪೇ ಸಾಕು. ಲಿಫ್ಟ್ ಮಾರುವವರು ಇದನ್ನು ಹೇಳುವುದಿಲ್ಲ. ನಮಗೆ ಸಾಲದ್ದು ಯಾಕೆಂದರೆ, ಮಳೆಯಲ್ಲಿ ಮಾಡಿನಡಿ ಇಡಲು ಒಂದು ಗಾಡಿಯ ಜಾಗದಲ್ಲಿ ಎರಡು ಬೇಕಿತ್ತು.

ಅಲ್ಲಿಗೆ ಉಳಿದದ್ದು ಯಂತ್ರಗಳು. ಗಾಡಿ ಎತ್ತುವ ಹೈಡ್ರಾಲಿಕ್ ಲಿಫ್ಟ್ ಹುಟ್ಟಿದ್ದು 1920ರ ದಶಕದಲ್ಲಿ, ಅಮೆರಿಕದ ಮೆಂಫಿಸ್‌ನಲ್ಲಿ. ಪೀಟರ್ ಲುನಾಟಿ ಎಂಬವರಿಗೆ ಅದು ಹೊಳೆದದ್ದು ಕ್ಷೌರದಂಗಡಿಯ ಕುರ್ಚಿ ಮೇಲೆ ಕೆಳಗೆ ಹೋಗುವುದನ್ನು ನೋಡಿ ಎನ್ನುತ್ತಾರೆ. ನಾಪೋಕ್ಲಿನ ಸೆಲೂನಿನಲ್ಲಿ ಪೆಡಲ್ ಒತ್ತಿ ನಮ್ಮನ್ನು ಎತ್ತುವುದೂ ಅದೇ ತತ್ವ: ಸಣ್ಣ ಕೊಳವೆಯಲ್ಲಿ ಎಣ್ಣೆಗೆ ಕೊಟ್ಟ ಒತ್ತಡ ದೊಡ್ಡ ಸಿಲಿಂಡರಿನಲ್ಲಿ ದೊಡ್ಡ ಬಲವಾಗಿ ಏಳುತ್ತದೆ. ಇಂದು ಕೊಯಮತ್ತೂರಿನಲ್ಲೇ ಲಿಫ್ಟ್ ತಯಾರಾಗುತ್ತದೆ, ಚೀನಾದ್ದೂ ಧಾರಾಳವಾಗಿ ಬರುತ್ತದೆ.

ನಮ್ಮಲ್ಲಿ ಅಣ್ಣನಾದವನ ಒಲವು ಎರಡು ಕಂಬದ ಲಿಫ್ಟಿನ ಕಡೆಗಿತ್ತು. ಪೇಟೆಯ ಸರ್ವಿಸ್ ಸೆಂಟರುಗಳಲ್ಲಿ ಕಾಣುವುದು ಅದೇ. ಎರಡು ಕಂಬದಿಂದ ನಾಲ್ಕು ತೋಳು ಚಾಚಿ ಗಾಡಿಯ ಹೊಟ್ಟೆ ಹಿಡಿದೆತ್ತುತ್ತವೆ, ಚಕ್ರಗಳು ನಾಲ್ಕೂ ಗಾಳಿಯಲ್ಲಿ ಜೋತಾಡುತ್ತವೆ. ಬ್ರೇಕ್, ಆಕ್ಸೆಲ್, ಸಸ್ಪೆನ್ಷನ್ ಯಾವ ಕೆಲಸಕ್ಕೂ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಬೆಲೆಯೂ ನಾಲ್ಕು ಕಂಬದ್ದಕ್ಕಿಂತ ಕಡಿಮೆ. ಭಾರದ ಚಿಂತೆಯೂ ಇರಲಿಲ್ಲ: ಮಾಮೂಲಿ ಲಿಫ್ಟುಗಳು ಮೂರೂವರೆ, ನಾಲ್ಕು ಟನ್ ಎತ್ತುತ್ತವೆ, ನಮ್ಮ ಜೀಪು ಅದರ ಅರ್ಧವೂ ಇಲ್ಲ. ಜೀಪಿನ ಚಾಸಿ ಕಿರಿದು, ಆದ್ದರಿಂದ ತೋಳುಗಳು ಒಳಕ್ಕೆ ಎಷ್ಟು ದೂರ ಚಾಚುತ್ತವೆ ಎಂದಷ್ಟೇ ಕೇಳಬೇಕಿತ್ತು.

ಆದರೆ ಎರಡು ಕಂಬದ್ದು ನಿಲ್ಲುವುದು ಬೋಲ್ಟಿನ ಮೇಲೆ. ಗಾಡಿ ಮೇಲೇರಿದಾಗ ಕಂಬಗಳನ್ನು ಒಳಕ್ಕೆ ಬಾಗಿಸುವ ಎಳೆತವನ್ನೆಲ್ಲ ಕಾಂಕ್ರೀಟಿಗೆ ಹೊಡೆದ ಆ ಬೋಲ್ಟುಗಳೇ ತಡೆಯಬೇಕು. ಮೊದಲ ಕೊಟೇಷನ್ ಕೊಟ್ಟವರು ಫೋನಿನಲ್ಲಿ 'ನಿಮ್ಮಲ್ಲಿ ಕಾಂಕ್ರೀಟ್ ಫ್ಲೋರಿಂಗ್ ಇದೆಯಲ್ಲ, ಸಾಕು' ಎಂದರು. ಅದು ಸಾಕೇ ಎಂದು ನೋಡಲು ನಾವು ಹಾರೆ ತೆಗೆದುಕೊಂಡು ಕಣದ ಪಕ್ಕದ ಶೆಡ್ಡಿನ ಮೂಲೆಯಲ್ಲಿ ಒಂದಡಿ ಚೌಕ ಒಡೆದೆವು. ಮೇಲೆ ಎರಡೂವರೆ ಇಂಚು ಕಾಂಕ್ರೀಟು, ಅದರಡಿ ಹೆಂಚಿನ ಚೂರು, ಕಾಫಿ ಸಿಪ್ಪೆ, ಸಡಿಲ ಮಣ್ಣು. ಇನ್ನೂ ಎರಡಡಿ ಹೋದರೂ ಅದೇ. ಕಣದ ಕಾಂಕ್ರೀಟನ್ನು ಯಾರೂ ಗಾಡಿ ಎತ್ತುವುದಕ್ಕೆ ಹಾಕುವುದಿಲ್ಲ, ಕಾಫಿಗೆ ಮಣ್ಣು ಹತ್ತದಿರಲು ಹಾಕುತ್ತಾರೆ. ಅದು ಕಾಫಿಯ ಭಾರಕ್ಕೆ ಸರಿ. ಅದಕ್ಕಿಂತ ಮುಖ್ಯವಾಗಿ, ಆ ಶೆಡ್ ನಿಂತದ್ದು ಅಜ್ಜನ ಕಾಲದಲ್ಲಿ ಗುಡ್ಡ ಕಡಿದು ತುಂಬಿಸಿದ ಕಡೆ. ತುಂಬಿದ ಮಣ್ಣು ನಲವತ್ತು ವರ್ಷವಾದರೂ ತುಂಬಿದ ಮಣ್ಣೇ. ಅದರ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಹಾಕಿದರೂ ಇಡೀ ಚಪ್ಪಡಿಯೇ ವಾಲಬಹುದು.

ಹಾಗಾದರೆ ಕಡಿದ ಕಡೆಗೆ ಹೋಗಬೇಕು, ಅಲ್ಲಿ ನೆಲ ಗಟ್ಟಿ. ಆದರೆ ಅಲ್ಲಿ ನೆತ್ತಿಯ ಮೇಲೆ ಬರೆ. ಹೊರಗಿನ ಅಂಚು ಇಳಿಯುತ್ತದೆ, ಒಳಗಿನ ಅಂಚಿನ ಮೇಲೆ ಮಣ್ಣು ಬೀಳುತ್ತದೆ. ಮನೆಯ ಹಿಂದಿನ ಮಟ್ಟದಲ್ಲಿ ಬರೆಯಿಂದ ಹದಿನೈದು ಅಡಿ ಬಿಟ್ಟು, ತುಂಬಿದ ಮಣ್ಣು ಶುರುವಾಗುವ ಮುಂಚೆ ಸಿಕ್ಕಿದ್ದು ಇಪ್ಪತ್ತೆರಡು ಅಡಿಗೆ ಹದಿಮೂರು ಅಡಿ ಜಾಗ. ಲಿಫ್ಟಿನ ಆಯ್ಕೆಯಲ್ಲಿ ಅರ್ಧ ಅಲ್ಲಿಗೇ ಮುಗಿಯಿತು. ಕ್ಯಾಟಲಾಗ್ ನೋಡುವ ಮೊದಲು ನೆಲ ಅಗೆಯಬೇಕು ಎಂದು ಯಾವ ಕ್ಯಾಟಲಾಗಿನಲ್ಲೂ ದೊಡ್ಡಕ್ಷರದಲ್ಲಿ ಬರೆದಿರುವುದಿಲ್ಲ.

ಕತ್ತರಿ ಲಿಫ್ಟ್ ಎಂಬುದೂ ಇದೆ. ಎರಡು ಕತ್ತರಿ ಕೈಗಳು ನೆಲದಿಂದ ಎದ್ದು ಗಾಡಿಯನ್ನು ಸೊಂಟದೆತ್ತರಕ್ಕೆ ತರುತ್ತವೆ. ಟಯರ್ ಅಂಗಡಿಗೆ ಚೆನ್ನ. ಗಾಡಿಯ ನಡುಭಾಗವನ್ನು ಕತ್ತರಿಯೇ ಮುಚ್ಚಿಬಿಡುವುದರಿಂದ ಗೇರ್‌ಬಾಕ್ಸ್ ಕೆಲಸಕ್ಕೆ ಆಗದು, ಕೆಳಗೆ ಇನ್ನೊಂದು ಗಾಡಿ ನಿಲ್ಲಿಸುವ ಮಾತಂತೂ ಇಲ್ಲ.

ಕೊನೆಗೆ ನಾಲ್ಕು ಕಂಬದ್ದು. ಮಂಚದಂತೆ ನಾಲ್ಕು ಕಾಲು, ನಡುವೆ ಉದ್ದ ಹಲಗೆಯಂಥ ಎರಡು ಉಕ್ಕಿನ ಪಟ್ಟಿ, ಗಾಡಿ ಅದರ ಮೇಲೆ ಓಡಿ ನಿಲ್ಲುತ್ತದೆ. ಚಕ್ರ ಜೋತಾಡುವುದಿಲ್ಲ, ಬ್ರೇಕಿನ ಕೆಲಸಕ್ಕೆ ಪಟ್ಟಿಗಳ ನಡುವೆ ಓಡಾಡುವ ಇನ್ನೊಂದು ಜಾಕ್ ಕೊಳ್ಳಬೇಕು. ಮೆಕ್ಯಾನಿಕ್ ಅಣ್ಣನನ್ನು ಕೇಳಿದೆವು. 'ಜೀಪಿಗೆ ಏನು ಬೇಕು? ಗ್ರೀಸ್ ನಿಪ್ಪಲ್, ಯುಜೆ ಕ್ರಾಸ್, ಸ್ಪ್ರಿಂಗ್ ಪಟ್ಟಿ, ಆಯಿಲು. ನಿಂತುಕೊಂಡು ಗ್ರೀಸ್ ಹೊಡಿಯೋ ಹಾಗಾದ್ರೆ ನನ್ನ ಬೆನ್ನು ಇನ್ನೂ ಹತ್ತು ವರ್ಷ ಬರ್ತದೆ' ಎಂದರು. ಭಾರ ನಾಲ್ಕು ಕಡೆ ಹಂಚಿ ನೇರವಾಗಿ ಕೆಳಕ್ಕೆ ಇಳಿಯುವುದರಿಂದ ಬೋಲ್ಟಿನ ಮೇಲೆ ಎಳೆತ ಕಡಿಮೆ. ತುಂಬ ಕಾಲ ಗಾಡಿ ಮೇಲಿಡಲು ಇದೇ ಯೋಗ್ಯ. ತೀರ್ಮಾನವಾಯಿತು ಎಂದುಕೊಂಡೆವು. ಯೋಜನೆ ಸರಳ: ಮಳೆಗಾಲದಲ್ಲಿ ಹಳೆಯ ಜೀಪನ್ನು ಗಾಜು ಮಡಚಿ, ಹುಡ್ ಕಳಚಿ ಮೇಲಕ್ಕೆ ಏರಿಸಿ ಬೆಚ್ಚಗಿಡುವುದು, ದಿನಬಳಕೆಯ ಆಲ್ಟೊ ಕೆಳಗೆ.

ಹೊರದೇಶಗಳಲ್ಲಿ ಮಾಡುವುದೂ ಹೀಗೆಯೇ. ಹಿಮ ಬೀಳುವ ಊರಿನವರು ಚಳಿಗಾಲ ಪೂರ್ತಿ ತಮ್ಮ ಪ್ರೀತಿಯ ಹಳೆಯ ಕಾರನ್ನು ಲಿಫ್ಟಿನ ಮೇಲೆ ಇಟ್ಟು ಕೆಳಗೆ ಓಡಾಟದ ಗಾಡಿ ನಿಲ್ಲಿಸುತ್ತಾರೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ ನೋಡಿ ಬಂದಾಗಿನಿಂದ ನಮಗೂ ಜೀಪನ್ನು ಹಾಗೆ ತೊಳೆದು ಒರೆಸಿ ಇಡಬೇಕೆಂಬ ಆಸೆಯಿತ್ತು. ಜೀಪಿನ ಗಾಜು ಮಡಚುವ ಉಪಾಯವೂ ಇಂಥದ್ದಕ್ಕೇ ಹೇಳಿ ಮಾಡಿಸಿದ ಹಾಗಿದೆ; ಯುದ್ಧಕಾಲದ ವಿಲ್ಲಿಸ್ ಜೀಪು ಗಾಜು ಮಡಚಿದರೆ 52 ಇಂಚಿಗೆ ಇಳಿಯುತ್ತಿತ್ತು. ನಮ್ಮದು ಅದರ ಮೊಮ್ಮಗ.

ಯೋಜನೆಗೆ ಕಲ್ಲು ಹಾಕಿದ್ದು ಅವ್ವ. 'ಕಕ್ಕಡದಲ್ಲಿ ನಡುರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂತಾದ್ರೆ ಯಾವ ಗಾಡೀಲಿ ಹೋಗ್ತೀರಿ?' ಎಂದರು.

ನಾವು ಸುಮ್ಮನಾದೆವು. ಕಾವೇರಿ ತುಂಬಿದರೆ ಬೊಳಿಬಾಣೆಯಲ್ಲಿ ಮೂರ್ನಾಡು ರಸ್ತೆಗೆ ನೀರು ಬರುತ್ತದೆ. ಆಗ ಸುತ್ತು ದಾರಿ, ಆ ದಾರಿಯಲ್ಲಿ ಬಿದ್ದ ಮರ, ಜಾರುವ ಏರು, ಕೊಚ್ಚಿಹೋದ ಮೋರಿ. ಆಲ್ಟೊ ನಮ್ಮ ಗೇಟಿನಿಂದ ಟಾರು ರಸ್ತೆಗೆ ಮುಟ್ಟುವುದೂ ಜುಲೈಯಲ್ಲಿ ಅನುಮಾನ. ಹಿಮದ ನಾಡಿನಲ್ಲಿ ಕೆಟ್ಟ ಹವೆ ಬಂತೆಂದರೆ ಹಳೆಯ ಗಾಡಿ ವಿಶ್ರಾಂತಿಗೆ ಹೋಗುತ್ತದೆ. ಕೊಡಗಿನಲ್ಲಿ ಕೆಟ್ಟ ಹವೆ ಬಂತೆಂದರೆ ಹಳೆಯ ಗಾಡಿಗೆ ಡ್ಯೂಟಿ. 2018ರಲ್ಲಿ ಒಳಗಿನ ಊರುಗಳಿಂದ ಜನರನ್ನು ಹೊರತಂದ ಗಾಡಿಗಳಲ್ಲಿ ಇಂಥ ಹಳೆಯ ಜೀಪುಗಳೂ ಇದ್ದವು.

ಅದರ ಜೊತೆಗೆ ಕರೆಂಟಿನ ಪ್ರಶ್ನೆ. ಇದು ಖರೀದಿಸುವವರಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಲಿಫ್ಟಿನಲ್ಲಿ ಗಾಡಿ ಮೇಲೇರುವುದು ಮೋಟಾರಿನಿಂದ; ಇಳಿಯುವುದು ತನ್ನ ಭಾರದಿಂದ, ಎಣ್ಣೆ ಬಿಟ್ಟರೆ ಸಾಕು. ಆದ್ದರಿಂದ 'ಕರೆಂಟ್ ಹೋದ್ರೂ ಇಳಿಸಬಹುದು ಸಾರ್' ಎನ್ನುತ್ತಾರೆ. ಅರ್ಧ ಸತ್ಯ. ಗಾಡಿಯನ್ನು ಮೇಲೆ ಬಿಟ್ಟು ಹೋಗುವಾಗ ಭಾರವನ್ನು ಎಣ್ಣೆಯ ಮೇಲಾಗಲಿ ಉಕ್ಕಿನ ಹಗ್ಗದ ಮೇಲಾಗಲಿ ಬಿಡಬಾರದು. ಪ್ರತಿ ಕಂಬದೊಳಗೂ ಏಣಿಯಂಥ ಹಲ್ಲುಗಳಿರುತ್ತವೆ, ಅದರಲ್ಲಿ ನಾಲಿಗೆಯಂಥ ಲಾಕ್ ಕೂತು ಭಾರ ಅದರ ಮೇಲೆ ಬರಬೇಕು. ಹಾಗೆ ಕೂತ ಗಾಡಿಯನ್ನು ಇಳಿಸಬೇಕಾದರೆ ಮೊದಲು ಒಂದೆರಡು ಇಂಚು ಮೇಲಕ್ಕೆ ಎತ್ತಬೇಕು, ಆಗಲೇ ಲಾಕ್ ಬಿಡುವುದು. ಎತ್ತಲು ಮೋಟಾರು, ಮೋಟಾರಿಗೆ ಕರೆಂಟು. ಗಾಳಿ ಮಳೆಗೆ ತಂತಿಯ ಮೇಲೆ ಮರ ಬಿದ್ದು ಮೂರು ನಾಲ್ಕು ದಿನ ಕತ್ತಲೆಯಲ್ಲಿರುವುದು ಇಲ್ಲಿ ವಿಶೇಷವೇನಲ್ಲ. ಮಾಮೂಲಿಯಾಗಿ ಇದಕ್ಕೆ ಮೂರು ಎಚ್‌ಪಿ ಮೋಟಾರು. ಅದು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು, ಮನೆಯ ಸಣ್ಣ ಜನರೇಟರು ಕೆಮ್ಮಿ ನಿಂತುಬಿಡುತ್ತದೆ. ಕೈಪಂಪಿನಿಂದ ಆ ಎರಡು ಇಂಚು ಎತ್ತುವ ಸೌಲಭ್ಯ ಕೆಲವು ಮಾದರಿಗಳಲ್ಲಿ ಹೆಚ್ಚುವರಿ ದುಡ್ಡಿಗೆ ಸಿಗುತ್ತದೆ. ಕೇಳಿದರೆ ಮಾತ್ರ ಹೇಳುತ್ತಾರೆ.

ಅಂದರೆ ಮೇಲೆ ಹೋದದ್ದು ನಾಲ್ಕು ದಿನ ಕೆಳಗೆ ಬಾರದಿದ್ದರೂ ನಡೆಯಬೇಕು. ಮೇಲೆ ಹೋಗಬೇಕಾದದ್ದು ಆಲ್ಟೊ, ಕೆಳಗೆ ನಿಲ್ಲಬೇಕಾದದ್ದು ಜೀಪು.

ಈ ಅದಲುಬದಲಿನಿಂದ ಅಳತೆಯೆಲ್ಲ ಬುಡಮೇಲಾಯಿತು. ಟೇಪು ಹಿಡಿದು ಅಳೆದೆವು. ಹುಡ್ ಹಾಕಿ ಹೊರಡಲು ಸಿದ್ಧವಾಗಿ ನಿಂತ ಜೀಪು ಆರಡಿ ಎರಡಿಂಚು. ಮೊದಲು ನೋಡಿದ ಲಿಫ್ಟಿನ ಎತ್ತುವ ಎತ್ತರ 1.8 ಮೀಟರ್, ಅಂದರೆ ಆರಡಿಗೂ ಒಂದಿಂಚು ಕಡಿಮೆ. ಅಷ್ಟೇ ಅಲ್ಲ, ಆ 1.8 ಮೀಟರ್ ಎನ್ನುವುದು ಪಟ್ಟಿಯ ಮೇಲ್ಮೈವರೆಗಿನ ಲೆಕ್ಕ. ಪಟ್ಟಿಯದೇ ದಪ್ಪ ಐದಿಂಚು. ಕೆಳಗೆ ಸಿಗುವುದು ಐದೂವರೆ ಅಡಿ. ಕೊಳ್ಳುವವರು ಈ ಒಂದು ವಿಷಯವನ್ನು ಬರೆದಿಟ್ಟುಕೊಳ್ಳಿ: ಕಾಗದದಲ್ಲಿರುವ ಎತ್ತರ ಪಟ್ಟಿಯ ಮೇಲಿನದೋ ಕೆಳಗಿನದೋ ಎಂದು ಕೇಳಿ, ಉತ್ತರವನ್ನೂ ಕಾಗದದಲ್ಲೇ ಪಡೆಯಿರಿ. ನಾವು 2.1 ಮೀಟರಿನದಕ್ಕೆ ಹೋದೆವು. ಪಟ್ಟಿಯ ದಪ್ಪ ಕಳೆದು ಕೆಳಗೆ ಆರಡಿ ಐದಿಂಚು, ಜೀಪಿಗೆ ಮೂರಿಂಚು ಬಿಡುವು. ಮೇಲೆ ಐದಡಿಯೊಳಗಿನ ಆಲ್ಟೊ. ಒಟ್ಟು ಹನ್ನೆರಡಡಿ ಹತ್ತಿರ.

ಹನ್ನೆರಡಡಿ ಎತ್ತರದ ಮಾಡು ಎಂದರೆ ನಾಪೋಕ್ಲಿನ ಮಳೆಗೆ ಆಹ್ವಾನ. ಇಲ್ಲಿ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ, ಎರಚಲಾಗಿ ಪಕ್ಕದಿಂದಲೂ ಬರುತ್ತದೆ. ತೋಟದ ಮನೆಗಳಲ್ಲಿ ಮಳೆಯನ್ನು ಈಗಲೂ ಇಂಚು ಮತ್ತು ಸೆಂಟಿನಲ್ಲೇ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಜುಲೈಯಲ್ಲಿ ದಿನಕ್ಕೆ ಮೂರು ನಾಲ್ಕು ಇಂಚು ಬಂದರೆ ನಾವು ಅದನ್ನು ಮಳೆ ಚೆನ್ನಾಗಿದೆ ಎನ್ನುತ್ತೇವೆ. ಹಾಗಾಗಿ ಎರಚಲು ಬಡಿಯುವ ಪಶ್ಚಿಮದ ಕಡೆ ನೆಲದವರೆಗೂ ಶೀಟು, ಉಳಿದ ಕಡೆ ಮಾಡನ್ನು ನಾಲ್ಕಡಿ ಹೊರಚಾಚು. ಕೈಮರಕ್ಕೆ ಅಡ್ಡಪಟ್ಟಿ ಹಾಕುವ ವೆಲ್ಡರಿಗೆ ಹನ್ನೆರಡೂವರೆ ಅಡಿಗಿಂತ ಕೆಳಗೆ ಒಂದು ಕಬ್ಬಿಣವೂ ಬರಬಾರದೆಂದು ಮೂರು ಸಲ ಹೇಳಬೇಕಾಯಿತು. ಅವರು ಯಾವತ್ತೂ ಮಾಡುವಂತೆ ಒಂಬತ್ತಡಿಗೆ ಅಡ್ಡಪಟ್ಟಿ ಕೊಟ್ಟಿದ್ದರೆ ಆಲ್ಟೊ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ನೆಲಕ್ಕೆ ಎಂಟಿಂಚು ಕಾಂಕ್ರೀಟು, ಎರಡು ಪದರ ಕಂಬಿ, ಅಂಗಳಕ್ಕಿಂತ ಅರ್ಧಡಿ ಎತ್ತರದಲ್ಲಿ. ಎತ್ತರ ಯಾಕೆಂದರೆ ಕಂಬದ ಬುಡದಲ್ಲಿ ನೀರು ನಿಲ್ಲಬಾರದು. ಏಪ್ರಿಲ್ ಮೊದಲ ವಾರ ಹಾಕಿ 28 ದಿನ ಬಿಟ್ಟೆವು. ಜೋಡಿಸುವ ಹುಡುಗರು 'ಹತ್ತು ದಿನ ಸಾಕು ಸಾರ್' ಎಂದು ಫೋನ್ ಮಾಡುತ್ತಲೇ ಇದ್ದರು. ನಾವು ಒಪ್ಪಲಿಲ್ಲ. ಅವರಿಗೆ ಮುಂದಿನ ಊರಿನ ಕೆಲಸದ ಅವಸರ, ಅದರಡಿ ನಿಲ್ಲುವವರು ಅವರಲ್ಲ.

ದರದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮಗೆ ಬಂದ ಕೊಟೇಷನ್‌ಗಳಲ್ಲಿ ಎರಡು ಕಂಬದ್ದು ಒಂದೂವರೆ ಲಕ್ಷದಿಂದ, ನಾಲ್ಕು ಕಂಬದ್ದು ಮೂರು ಲಕ್ಷದ ಸುತ್ತಮುತ್ತ, ಅದರ ಮೇಲೆ ಶೇ 18 ಜಿಎಸ್‌ಟಿ, ಸಾಗಾಟ ಬೇರೆ. ನೆಲಕ್ಕೂ ಮಾಡಿಗೂ ಆದ ಖರ್ಚು ಲಿಫ್ಟಿನದಕ್ಕೆ ಹೆಚ್ಚು ಕಡಿಮೆ ಸಮ. ಅತಿ ಅಗ್ಗದ ಒಂದಿತ್ತು. ಅದರಲ್ಲಿ ಹಗ್ಗ ತುಂಡಾದರೆ ತಾನಾಗಿ ಹಿಡಿಯುವ ಲಾಕ್ ಇದೆಯೇ ಎಂದು ಕೇಳಿದಾಗ 'ಹಗ್ಗ ತುಂಡಾಗಲ್ಲ' ಎಂಬ ಉತ್ತರ ಬಂತು. ಯುರೋಪಿನಲ್ಲಿ ಗಾಡಿ ಎತ್ತುವ ಲಿಫ್ಟುಗಳಿಗೆಂದೇ ಇಎನ್ 1493 ಎಂಬ ಮಾನದಂಡವಿದೆ, ಅದರ ಪ್ರಮಾಣಪತ್ರ ತೋರಿಸಿ ಎಂದು ಎಲ್ಲರಿಗೂ ಕೇಳಿದೆವು. ತೋರಿಸಿದವರು ಇಬ್ಬರೇ. ಆ ಇಬ್ಬರಲ್ಲೇ ಒಬ್ಬರಿಂದ ಕೊಂಡದ್ದು.

ಜೂನ್ ಎರಡನೇ ವಾರ ಆಲ್ಟೊ ಮೇಲೇರಿತು. ಬ್ಯಾಟರಿಯ ಒಂದು ತಂತಿ ಕಳಚಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಟ್ಟೆ ಕೊಟ್ಟು, ಟಯರಿಗೆ ಸ್ವಲ್ಪ ಹೆಚ್ಚು ಗಾಳಿ ತುಂಬಿಸಿ ಬಿಟ್ಟೆವು. ಮೂರು ತಿಂಗಳು ಎಳೆದಿಟ್ಟ ಹ್ಯಾಂಡ್‌ಬ್ರೇಕು ಈ ತೇವದಲ್ಲಿ ಡ್ರಮ್ಮಿಗೆ ಅಂಟಿಕೊಂಡುಬಿಡುತ್ತದೆ. ಪಟ್ಟಿಗಳ ನಡುವೆ ಶೀಟಿನ ತಟ್ಟೆ ಜೋಡಿಸಿದ್ದು ಅವ್ವನ ಒತ್ತಾಯಕ್ಕೆ. ಬೇಸಿಗೆಯಲ್ಲಿ ಅದರಡಿ ಮೆಣಸು ಒಣಗಿಸುವ ಯೋಜನೆ ಅವರದ್ದು, ಮೆಣಸಿನ ಮೇಲೆ ಆಯಿಲ್ ಹನಿ ಬಿದ್ದರೆ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಇಲಿಗಳ ವಿಷಯದಲ್ಲಿ ಮಾತ್ರ ಲಿಫ್ಟಿನಿಂದ ಏನೂ ಲಾಭವಿಲ್ಲ. ಕಂಬ ಅವುಗಳಿಗೆ ಮೆಟ್ಟಿಲು. ಕಂಬದ ನಡುವಿಗೆ ತಗಡಿನ ಕೊಡೆಯಂತೆ ಸುತ್ತಿದ ಮೇಲೆ ಸ್ವಲ್ಪ ಕಡಿಮೆ.

ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು, ಮೆಕ್ಯಾನಿಕ್ ಅಣ್ಣನೇ ಬರೆಸಿದ್ದು. ಎತ್ತಿದವರೇ ನಾಲ್ಕು ಕಂಬವನ್ನೂ ಸುತ್ತಿ, ನಾಲ್ಕು ಲಾಕೂ ಒಂದೇ ಹಲ್ಲಿನಲ್ಲಿ ಕೂತದ್ದನ್ನು ಕಣ್ಣಲ್ಲಿ ನೋಡಿ, ಭಾರ ಇಳಿಸಿ, ಆಮೇಲೆ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕೆಳಗೆ ಹೋಗುವವರ ಕೈಗೆ ಕೊಡಬೇಕು. 'ಟಕ್ ಅಂತ ಕೇಳ್ತು' ಎನ್ನುವುದು ಸಾಲದು, ಮಳೆ ಶೀಟಿನ ಮೇಲೆ ಬಡಿಯುವಾಗ ಯಾವ ಟಕ್ಕೂ ಕೇಳುವುದಿಲ್ಲ.

ಜುಲೈ ಕೊನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೂರನೆಯ ರಾತ್ರಿ ಲೈನ್ ಮನೆಯ ಮಗುವೊಂದಕ್ಕೆ ಜ್ವರ ಏರಿ ಕೈಕಾಲು ಸೆಟೆದುಕೊಂಡಿತು. ಜೀಪು ಕೆಳಗೆ ನಿಂತಿತ್ತು, ಎರಡನೇ ಸೆಲ್ಫಿಗೆ ಎದ್ದಿತು. ಸುತ್ತು ದಾರಿಯಲ್ಲಿ ಮಡಿಕೇರಿಗೆ ಎರಡು ಗಂಟೆ. ಮಗು ನಾಲ್ಕು ದಿನದಲ್ಲಿ ಮನೆಗೆ ಬಂತು. ಲಿಫ್ಟಿನ ಮೇಲಿದ್ದ ಆಲ್ಟೊವನ್ನು ಆ ವಾರವೆಲ್ಲ ಯಾರೂ ತಲೆಯೆತ್ತಿ ನೋಡಿದ್ದಿಲ್ಲ.

ಸೆಪ್ಟೆಂಬರಿನಲ್ಲಿ ಇಳಿಸಿದಾಗ ಕಾರಿನ ಸೀಟಿಗೆ ಎಂದಿನ ಬೂಷ್ಟು ಇರಲಿಲ್ಲ. ಆದರೆ ಎರಡು ಕಂಬದಲ್ಲಿ ಉಕ್ಕಿನ ಹಗ್ಗದ ತುದಿಗೆ, ರಾಟೆಯ ಹತ್ತಿರ, ಕೆಂಪು ತುಕ್ಕು ಕಂಡಿತು. ಒರೆಸಿ ಗ್ರೀಸ್ ಹಚ್ಚಿದ್ದೇವೆ. ಹಗ್ಗದ ಎಳೆಗಳಲ್ಲಿ ಒಂದಾದರೂ ತುಂಡಾದದ್ದು ಕಂಡರೆ ಹಗ್ಗವನ್ನೇ ಬದಲಿಸಬೇಕು ಎಂದು ಅಣ್ಣ ಹೇಳಿದ್ದಾರೆ. ಚಿಂದಿ ಬಟ್ಟೆ ಹಿಡಿದು ಹಗ್ಗದ ಉದ್ದಕ್ಕೂ ಎಳೆದರೆ ತುಂಡಾದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಬಿಟ್ಟ ಮೇಲೆ ಮಾಡುವುದೆಂದು ಮಳೆ ಬರೆಯುವ ಪುಸ್ತಕದಲ್ಲೇ ಗುರುತು ಹಾಕಿಟ್ಟಿದ್ದೇವೆ. ಕೈಪಂಪು ಇನ್ನೂ ಬಂದಿಲ್ಲ, ದುಡ್ಡು ಕಟ್ಟಿದ್ದೇವೆ.

ಮೊದಲು ನಕ್ಕ ಪಕ್ಕದ ತೋಟದವರು ಹೋದ ಭಾನುವಾರ ಬಂದು ಅರ್ಧ ಗಂಟೆ ಲಿಫ್ಟಿನ ಸುತ್ತ ತಿರುಗಿದರು. ಯಾವ ಕಂಪನಿ, ಎಷ್ಟಾಯಿತು ಎಂದೆಲ್ಲ ಕೇಳಿದರು. ಅವರ ಕಾರ್ ಶೆಡ್ ಇರುವುದು ಗದ್ದೆಯ ಕಡೆಯ ಅಂಚಿನಲ್ಲಿ. ಕಂಪನಿಯ ನಂಬರ್ ಆಮೇಲೆ ಕೊಡುತ್ತೇವೆ ಎಂದು ಹೇಳಿ, ಸದ್ಯಕ್ಕೆ ನಮ್ಮ ಹಾರೆ ಕೊಟ್ಟು ಕಳಿಸಿದ್ದೇವೆ.